ಮಾಳಿಗೆ ಇದ್ದವರು

“ನಡುವ ಕಾಲಿಡಬ್ಯಾಡ್ರಿ ಅಕ್ಕೋರೆ! ಜಂತಿ ಮ್ಯಾಲೇ ಇಡ್ರಿ. ಇಲ್ಲಾಂದ್ರ ಸೀದಾ ನಮ್ಮ ಮಶೀನ್ ಮ್ಯಾಲ ಬಂದು ಕುಂಡ್ರತೀರಿ,” ಎಂದು ಕೆಳಗಿನಿಂದ ಕೂಗಿದಳು ಮನೆಯ ಒಡತಿ.

ನಾನು ಏಣಿಯ ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟೆ. ಅದು ಕಮಲಾಪುರದ ಹಳೆಯ ಓಣಿಯೊಂದರ ಮನೆ. ಗಂಡ ತೀರಿಕೊಂಡ ಮೇಲೆ ಆಕೆ ಒಂದು ಹೊಲಿಗೆ ಯಂತ್ರವನ್ನು ನಂಬಿಕೊಂಡು ಅತ್ತೆಯನ್ನೂ ಮಗಳನ್ನೂ ಸಾಕುತ್ತಿದ್ದಳು. ಇಡೀ ಓಣಿಯ ಕುಬಸ ಹೊಲಿಯುವವಳು ಆಕೆಯೇ. ಹೆಸರು ಬೇಡ, ಹೊಲಿಗೆಯಾಕೆ ಎಂದರೆ ಸಾಕು. ಆ ಯಂತ್ರ ಇಟ್ಟ ಜಾಗದ ನೇರ ಮೇಲೆ ಮಾಳಿಗೆ ಹೊಟ್ಟೆ ಬಿಟ್ಟಿತ್ತು. ಯಂತ್ರವನ್ನು ಬೇರೆ ಕಡೆ ಸರಿಸೋಣವೆಂದರೆ ಬಾಗಿಲ ಬೆಳಕು ಬೀಳುವುದು ಅಲ್ಲೊಂದೇ ಕಡೆ.

ನಮ್ಮ ಸೀಮೆಯಲ್ಲಿ ಮಾಳಿಗೆ ಎಂದರೆ ಮಣ್ಣಿನ ಚಾವಣಿ. ಕೆಳಗೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಅದರ ಮೇಲೆ ಒತ್ತಾಗಿ ಹಾಸಿದ ತೊಗರಿ ಕಟ್ಟಿಗೆ, ಗೆದ್ದಲು ಬಾರದಿರಲೆಂದು ಬೇವಿನ ಸೊಪ್ಪು, ಆಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಸವಳು ಮಣ್ಣಿನ ಪದರ. ಏನೂ ಬೆಳೆಯದ ಆ ಬಿಳಿ ಮಣ್ಣಿನ ಮೇಲೆ ನೀರು ನಿಲ್ಲದೆ ಜಾರಿಹೋಗುತ್ತದೆ. ಬೇಸಿಗೆಯಲ್ಲಿ ಇಂಥ ಮನೆಯೊಳಗೆ ಕಾಲಿಟ್ಟರೆ ಜೀವ ಬಂದಂತಾಗುತ್ತದೆ. ಆದರೆ ವರ್ಷವರ್ಷವೂ ಸೋರುತ್ತದೆಂದು ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಹಾಕುತ್ತ ಹೋದರೆ ಒಂದು ದಿನ ಜಂತಿಗಳು ಸೋತು ಕೈಚೆಲ್ಲುತ್ತವೆ. ಹೊಲಿಗೆಯಾಕೆಯ ಮನೆಯಲ್ಲಿ ಗೋಡೆಯೊಳಗೆ ಕೂತ ಜಂತಿಯ ತುದಿಗಳನ್ನು ಕಬ್ಬಿಣದ ಸಳಿಯಿಂದ ಬಡಿದು ನೋಡಿದೆ. ಗಟ್ಟಿ ಕಟ್ಟಿಗೆ ಟಣ್ ಎನ್ನುತ್ತದೆ. ಇಲ್ಲಿ ಎಲ್ಲವೂ ಬದ್ ಬದ್ ಎಂದವು.

“ಈ ಸಲ ಮಿರಗ ತಡಕೋತದೇನ್ರಿ?” ಎಂದು ಕೇಳಿದಳು. ಮಿರಗ ಎಂದರೆ ಮೃಗಶಿರ, ಮೊದಲ ದೊಡ್ಡ ಮಳೆ.

“ಮಿರಗಕ್ಕಿಂತ ಮೊದಲೇ ಮಾಡಿಕೊಡ್ತೀವಿ. ನಿಮ್ಮ ಓಣಿಯೊಳಗ ನಿಮ್ಮದೇ ಮೊದಲನೇ ಮನಿ,” ಎಂದೆ. ಆ ಮಾತನ್ನು ನಾನು ಸುಮ್ಮನೆ ಬಾಯಿ ಚಪಲಕ್ಕೆ ಆಡಲಿಲ್ಲ. ಅಷ್ಟು ಹೊತ್ತಿಗೆ ಯೋಜನೆಯ ಎಲ್ಲವೂ ಹಾಗೆಯೇ ಸಿದ್ಧವಾಗುತ್ತಿತ್ತು.

ಅದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಕಲಬುರಗಿಯ ಐವಾನ್-ಎ-ಶಾಹಿ ಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದ ಸ್ವಯಂಸೇವಾ ಸಂಸ್ಥೆಯ ಕಚೇರಿ ಇತ್ತು. ಬಡವರ ಮನೆಗಳನ್ನು ಬಿಸಿಲಿಗೂ ಮಳೆಗೂ ತಡೆಯುವಂತೆ ಗಟ್ಟಿ ಮಾಡಿಕೊಡುವ ಯೋಜನೆಯೊಂದು ಸಂಸ್ಥೆಗೆ ಸಿಕ್ಕಿತ್ತು. ಮಾಳಿಗೆ ರಿಪೇರಿ, ನೀರು ಹರಿಯುವ ದೋಣಿ ಸರಿಮಾಡುವುದು, ಬಾಗಿಲ ಸಂದಿ ಮುಚ್ಚುವುದು, ತಗಡು ಮತ್ತು ಸ್ಲ್ಯಾಬಿನ ಮೇಲೆ ಬಿಸಿಲು ತಿರುಗಿ ಹೋಗುವಂತೆ ದಪ್ಪಗೆ ಸುಣ್ಣ ಬಳಿಯುವುದು, ಇವೇ ಕೆಲಸಗಳು. ಇದನ್ನೆಲ್ಲ ಊರೂರಿಗೆ ಹೋಗಿ ಮಾಡಿಸಬೇಕಾದ ಕಾರ್ಯಕರ್ತರಿಗೆ ತರಬೇತಿಯ ಯೋಜನೆ ರೂಪಿಸುವುದು ನನ್ನ ಪಾಲಿನ ಕೆಲಸವಾಗಿತ್ತು.

ಕಾರ್ಯಕರ್ತರೆಲ್ಲ ಸಾಕ್ಷರತೆಯ ಕೆಲಸದಿಂದ ಬಂದವರು. ಸೀಮೆಸುಣ್ಣ ಹಿಡಿದು ಅಕ್ಷರ ತಿದ್ದಿಸುವುದರಲ್ಲಿ ಎತ್ತಿದ ಕೈ. ಆದರೆ ಮಾಳಿಗೆಯ ಕೆಳಗೇ ಹುಟ್ಟಿ ಬೆಳೆದಿದ್ದರೂ ಅದನ್ನು ಬಿಚ್ಚಿ ನೋಡಿದವರು ಅವರಲ್ಲಿ ಯಾರೂ ಇರಲಿಲ್ಲ. ಹಾಗಾಗಿ ನನ್ನ ಯೋಜನೆಯಲ್ಲಿ ಭಾಷಣ ಬಹಳ ಕಡಿಮೆ ಇತ್ತು. ಮೊದಲ ದಿನ ಮನೆಯೊಳಗೆ ಅಂಗಾತ ಮಲಗಿ ಚಾವಣಿ ನೋಡುವುದು. ಕಲೆ ಕಂಡ ಕಡೆಯೇ ತೂತು ಇರುವುದಿಲ್ಲ, ನೀರು ಜಂತಿಯ ಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ, ಅದನ್ನು ಕೊಡದಿಂದ ನೀರು ಸುರಿದೇ ಹುಡುಕಬೇಕು. ಆಮೇಲೆ ಸಳಿಯಿಂದ ಬಡಿದು ಸದ್ದು ಕೇಳುವುದು. ಆಮೇಲೆ ಒಳಗಿನಿಂದ ಜಂತಿಗೆ ಆಸರೆಯಾಗಿ ಊರುಗಂಬ ಕೊಡುವುದು. ಆಮೇಲಷ್ಟೇ ಮೇಲೆ ಹತ್ತಿ ಹಳೆಯ ಮಣ್ಣು ತೆಗೆಯುವುದು, ಅದೂ ಎರಡೂ ಬದಿಯಿಂದ ಸಮನಾಗಿ. ಒಂದೇ ಕಡೆ ಗುಡ್ಡೆ ಹಾಕಿದರೆ ಆ ಭಾರಕ್ಕೇ ಮಾಳಿಗೆ ಕುಸಿಯುತ್ತದೆ. ಮಣ್ಣು ಹಾಕುವುದು ಎಲ್ಲರಿಗೂ ಬರುತ್ತದೆ, ಇವರಿಗೆ ತೆಗೆಯುವುದನ್ನು ಕಲಿಸಬೇಕು ಎಂಬುದೇ ಇಡೀ ಯೋಜನೆಯ ತಿರುಳಾಗಿತ್ತು.

ಕಲಿಸಲು ಒಬ್ಬ ಗೌಂಡಿಯನ್ನು ಗೊತ್ತು ಮಾಡಿದ್ದೆ. ನಗರದಲ್ಲಿ ದರ್ಗಾ ಇರುವ ರೋಜಾ ಭಾಗದ ಮನುಷ್ಯ, ಕೆಲಸದಲ್ಲಿ ಗಟ್ಟಿ, ಬಾಯಿಯಲ್ಲಿ ಇನ್ನೂ ಗಟ್ಟಿ. ಕಾರ್ಯಕರ್ತರಲ್ಲಿ ಅರ್ಧ ಹೆಂಗಸರಿದ್ದಾರೆ ಎಂದಾಗ ಮುಖ ಹುಳ್ಳಗೆ ಮಾಡಿದ.

“ಅರೇ ಬಾಯಿ, ಹೆಂಗಸರು ಮಾಳಗಿ ಮ್ಯಾಲ ಹಪ್ಪಳ ಒಣಗಸಾಕ ಬರ್ಲಿ. ಮಣ್ಣು ಬಡಿಯೋ ದಿಮ್ಮಸು ಹಿಡಿಯಾಕ ಎದಕ್ಕ?”

ಪಕ್ಕದಲ್ಲಿದ್ದ ಕಮಲಾಪುರದ ಕಾರ್ಯಕರ್ತೆ ಬಿಡಲಿಲ್ಲ. “ಹಪ್ಪಳದ ಹಿಟ್ಟು ಕುಟ್ಟಿದ ಕೈ ಇದು ಚಾಚಾ. ನಿಮ್ಮ ದಿಮ್ಮಸು ಏನು ಮಹಾ ಭಾರ?” ಎಂದಳು. ಗೌಂಡಿ ನಕ್ಕ. ನಾವೂ ನಕ್ಕೆವು. ಆಕೆ ಒಕ್ಕಲುತನದ ಮನೆಯ ಸೊಸೆ, ಓಣಿಯಲ್ಲಿ ಎಲ್ಲರಿಗೂ ಬೇಕಾದವಳು, ಬಾಯಿಬಡುಕಿ. ಆ ನಗುವೇ ಆ ಬೇಸಿಗೆಯ ಕೊನೆಯ ನೆಮ್ಮದಿಯ ನಗು ಎಂದು ಆಗ ಗೊತ್ತಿರಲಿಲ್ಲ.

ಬೆಂಗಳೂರಿನಿಂದ ಸಲಹೆಗಾರರೊಬ್ಬರು ಬಂದರು. ನನ್ನ ಯೋಜನೆಯ ಹಾಳೆಗಳನ್ನು ಓದುವಾಗ ಅವರ ಹುಬ್ಬು ಮೇಲೇರಿದ್ದು ಇಳಿಯಲೇ ಇಲ್ಲ. “ಇಷ್ಟು ದಿನ ಬೇಕಾ? ಅಂಗಾತ ಮಲಗೋದೂ ಒಂದು ಪಾಠಾನಾ?” ಎಂದು ನಕ್ಕರು. ನಿರ್ದೇಶಕರು ಮೈಸೂರು ಕಡೆಯವರು, ಕೆಟ್ಟವರಲ್ಲ, ಆದರೆ ಮೇಲಿನವರು ನಕ್ಕರೆ ತಾವೂ ನಗುವ ಜಾತಿ. ಅವರೂ ನಕ್ಕರು. ಒಂದು ವಾರ ಇಟ್ಟುಕೊಂಡಿದ್ದ ತರಬೇತಿ ಎರಡು ದಿನಕ್ಕೆ ಬಂತು. ಮಾಳಿಗೆಯ ಮೇಲೆ ನಡೆಯಬೇಕಾದದ್ದು ನಗರದ ಬಾಡಿಗೆ ಸಭಾಂಗಣಕ್ಕೆ ಬಂತು. ಗೌಂಡಿಯ ಜಾಗಕ್ಕೆ ಗೋಡೆಯ ಮೇಲೆ ಬೆಳಕು ಬಿಡುವ ಪ್ರೊಜೆಕ್ಟರ್ ಬಂತು. ಗೌಂಡಿಗೆ ಬರಬೇಡ ಎಂದು ಹೇಳಿಕಳಿಸುವ ಕೆಲಸವೂ ನನ್ನದೇ ಆಯಿತು.

ಸಲಹೆಗಾರರು ಒಂದು ಒಳ್ಳೆಯ ಕೆಲಸವನ್ನೂ ಮಾಡಿದರು ಎನ್ನಬೇಕು. ಮಣ್ಣಿನ ಚಾವಣಿ ಎಂದಷ್ಟೇ ಇಂಗ್ಲಿಷಿನಲ್ಲಿದ್ದ ಪಾಠವನ್ನೆಲ್ಲ ತಾವೇ ಕನ್ನಡಕ್ಕೆ ತಂದರು. ಅದರಲ್ಲೂ ಹಳ್ಳಿಯವರಿಗೆ ಹತ್ತಿರವಾಗುವ ಕನ್ನಡ ಇರಬೇಕೆಂಬ ಹಟ ಅವರಿಗೆ. ಅನುಕೂಲಸ್ಥರ ಮನೆಗಳನ್ನು ಯೋಜನೆಯಿಂದ ಹೊರಗಿಡಲು ‘ಮಹಡಿ ಮನೆ ಬಿಡಬೇಕು’ ಎಂಬ ನಿಯಮವೊಂದನ್ನು ಮಾತ್ರ ನಾನು ಕನ್ನಡದಲ್ಲೇ ಬರೆದಿದ್ದೆ. ‘ಮಹಡಿ’ ಅವರಿಗೆ ಪಟ್ಟಣದ ಪದವೆನಿಸಿತು. ಅದನ್ನು ಹೊಡೆದು ‘ಮಾಳಿಗೆ’ ಎಂದು ಮಾಡಿದರು. ಅವರ ಕಡೆ ಮಾಳಿಗೆ ಎಂದರೆ ಮೇಲಂತಸ್ತು. ಮಾಳಿಗೆ ಮನೆ ಎಂದರೆ ಶ್ರೀಮಂತರ ಮನೆ. ಈ ಬದಲಾವಣೆಯನ್ನು ನನಗೆ ಯಾರೂ ತೋರಿಸಲಿಲ್ಲ.

ಸಭಾಂಗಣದಲ್ಲಿ ಮೊದಲ ದಿನವೇ ಕರೆಂಟು ಹೋಯಿತು. ಬೆಳಕಿಲ್ಲದ ಪ್ರೊಜೆಕ್ಟರ್ ಮುಂದೆ ನಿಂತು ಸಲಹೆಗಾರರು ಬಿಸಿಲಿನ ಕಿರಣಗಳ ಬಗ್ಗೆ ಬೆವರು ಸುರಿಸುತ್ತ ಮಾತಾಡಿದರು. ಎರಡನೆಯ ದಿನ ಮನೆಗಳನ್ನು ಆರಿಸುವ ಪಾಠ. ಅದೇ ಹೊತ್ತಿಗೆ ನಿರ್ದೇಶಕರು ನನ್ನನ್ನು ಕರೆದು, “ಮೇಡಂ, ಊಟದ್ದು ಸ್ವಲ್ಪ ನೋಡ್ತೀರಾ? ರೊಟ್ಟಿ ಇನ್ನೂ ಬಂದಿಲ್ಲ” ಎಂದರು. ತರಬೇತಿಯನ್ನು ರೂಪಿಸಿದವಳು ತರಬೇತಿ ನಡೆಯುವಾಗ ಖಾನಾವಳಿಯ ಮುಂದೆ ರೊಟ್ಟಿಗೆ ಕಾಯುತ್ತ ನಿಂತಿದ್ದೆ. ಮೈ ಉರಿಯುತ್ತಿತ್ತು, ಆದರೆ ಹಸಿದವರು ಕಾಯುತ್ತಿದ್ದಾರಲ್ಲ ಎಂದು ರೊಟ್ಟಿ ಎಣಿಸಿ ಬುಟ್ಟಿಗೆ ಹಾಕಿಸಿದೆ.

ಆ ಹೊತ್ತಿನಲ್ಲಿ ಒಳಗೆ ಏನಾಯಿತೆಂದು ಆಮೇಲೆ ಕಮಲಾಪುರದ ಕಾರ್ಯಕರ್ತೆಯೇ ಹೇಳಿದಳು. ಸಲಹೆಗಾರರು, “ಮಾಳಿಗೆ ಇರೋ ಮನೆಗಳನ್ನ ಪೂರ್ತಿ ಬಿಟ್ಟುಬಿಡಿ,” ಎಂದಿದ್ದರು. ಈಕೆ ಎದ್ದು ನಿಂತು, “ಎಲ್ಲಾ ಮಾಳಗಿ ಬಿಡಬೇಕೇನ್ರಿ ಸರ್?” ಎಂದು ಕೇಳಿದ್ದಳು.

“ಎಲ್ಲಾನೂ. ಒಂದೂ ಬೇಡ. ಮಾಳಿಗೆ ಇದ್ದವರು ಇದ್ದವರಮ್ಮ, ಅವರಿಗೆ ನಾವ್ಯಾಕೆ ಮಾಡಬೇಕು?”

ಸಭೆಯಲ್ಲಿ ಒಂದಿಷ್ಟು ಗುಸುಗುಸು ಎದ್ದು ಅಡಗಿತಂತೆ. ನಾನು ರೊಟ್ಟಿ ಹೊರಿಸಿಕೊಂಡು ಬಂದಾಗ ಎಲ್ಲರೂ ಕೈತೊಳೆಯಲು ಸಾಲು ನಿಂತಿದ್ದರು. ಸಾಲಿನ ಹಿಂದೆ ಯಾರೋ “ಮಾಳಗ್ಯಾಗ ಇದ್ದವರು ಇದ್ದವರಂತ, ಕೇಳ್ರಪ್ಪೋ” ಎಂದರು, ಕೆಲವರು ಕಿಸಕ್ಕೆಂದರು. ನನಗೆ ತಲೆಬುಡ ತಿಳಿಯಲಿಲ್ಲ. ಊಟಕ್ಕೆ ಪಲ್ಯ ಸಾಲದೇ ಹೋದೀತೆಂಬ ಚಿಂತೆಯಲ್ಲಿದ್ದೆ.

ಮುಂದಿನ ದಿನಗಳಲ್ಲಿ ನನ್ನನ್ನು ಕಚೇರಿಯಲ್ಲೇ ಕೂರಿಸಿ ಸಲಹೆಗಾರರ ಪಾಠಗಳನ್ನು ಅಚ್ಚಿಗೆ ಸಿದ್ಧಪಡಿಸಲು ಹೇಳಿದರು. ಪುಟಗಳು ಒಂದೊಂದೇ ಬರುತ್ತಿದ್ದವು, ಮನೆ ಆರಿಸುವ ಪಾಠ ಇನ್ನೂ ಬಂದಿರಲಿಲ್ಲ. ಕೊನೆಗೆ ಕೆಲಸ ಎಲ್ಲಿಗೆ ಬಂತು ನೋಡಿ ಬರುತ್ತೇನೆಂದು ಹಟ ಮಾಡಿ ಒಂದು ಬೆಳಗ್ಗೆ ಕಮಲಾಪುರದ ಬಸ್ಸು ಹತ್ತಿದೆ.

ಬಸ್ಸಿನಿಂದ ಇಳಿಯುತ್ತಲೇ ಕಣ್ಣಿಗೆ ಹೊಡೆದದ್ದು ಕಿರಾಣಿ ಅಂಗಡಿಯವರ ಮನೆ. ಸ್ಲ್ಯಾಬಿನ ಮನೆ, ಮೇಲೆ ಬಿಳಿ ಬಿಳಿ ಸುಣ್ಣ. ಅದರ ಮೇಲೆ ಅವರು ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಬಾಳೆಹಣ್ಣಿನ ಮಂಡಿಯವರ ತಗಡಿನ ಶೆಡ್ಡಿಗೂ ಸುಣ್ಣ. ದಲಾಲರೊಬ್ಬರ ಮನೆಯ ಪಾಯಖಾನೆಯ ಮೇಲೂ ಸುಣ್ಣ. ಹಳೆಯ ಓಣಿಗೆ ತಿರುಗಿದರೆ ಒಂದು ಮಾಳಿಗೆಯ ಮೇಲೂ ಸಲಿಕೆ ತಾಗಿದ ಗುರುತಿಲ್ಲ. ಹೊಲಿಗೆಯಾಕೆ ಬಾಗಿಲಲ್ಲೇ ಕೂತು ಗುಂಡಿ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

“ನಮ್ಮವರು ಬರಲಿಲ್ಲೇನು?” ಎಂದೆ.

“ಬಂದಿದ್ರಲ್ರೀ. ಮಾಳಗಿ ಅದ ಏನ್ರಿ ಅಂತ ಕೇಳಿದ್ರು. ಅದ ಅಂದೆ. ಬಾಗಿಲದಾಗಿಂದ ಹಂಗೇ ಹೊಳ್ಳಿ ಹೋದ್ರು. ತಲಿ ಮ್ಯಾಲೇ ಕಾಣಾಕತ್ತದ, ಮತ್ತ ಕೇಳೋದು ಬ್ಯಾರೆ.” ದಾರ ಹಲ್ಲಿನಿಂದ ಕಡಿದಳು. “ನೀವು ಮಾತ್ರ ಮೊದಲನೇ ಮನಿ ಅಂದಿದ್ರಿ.”

ಕಾರ್ಯಕರ್ತೆಯನ್ನು ಹುಡುಕಿಕೊಂಡು ಹೋದೆ. ಆಕೆ ಪಂಚಾಯಿತಿ ಕಟ್ಟೆಯ ಹತ್ತಿರ ಸುಣ್ಣದ ಡಬ್ಬಿಗಳ ನಡುವೆ ನಿಂತಿದ್ದಳು. ಕೈ, ಮುಖ, ಸೀರೆಯ ಸೆರಗು ಎಲ್ಲ ಬಿಳಿ. ನಾನು ಬಾಯಿಗೆ ಬಂದಂತೆ ಬೈದೆ. ಆಕೆ ಅಷ್ಟೂ ಕೇಳಿಸಿಕೊಂಡಳು. ಆಮೇಲೆ ಬಾಯಿ ತೆರೆದಳು.

“ನಾ ಕೇಳಿಲ್ಲೇನ್ರಿ? ಎದ್ದು ನಿಂತು ಕೇಳೇನಿ. ಎಲ್ಲಾ ಬಿಡು ಅಂದ್ರು. ಮಾಳಗಿಗೆ ಸರಕಾರದೋರು ಬ್ಯಾರೆ ಏನರ ಸ್ಲ್ಯಾಬ್ ಗಿಲ್ಯಾಬ್ ಕೊಡಾಕತ್ತಿರಬೇಕು, ಅದಕ್ಕ ಬಿಡಾಕ ಹೇಳ್ಯಾರ ಅಂತ ನಮಗ ನಾವೇ ಸಮಾಧಾನ ಮಾಡ್ಕೊಂಡ್ವಿ. ಇನ್ನೊಂದ್ಸಲ ಕೇಳಿದ್ರ ದಡ್ಡಿ ಅಂತಿದ್ರು. ನಿಮ್ಮನ್ನ ಕೇಳೋಣಂದ್ರ ನೀವು ರೊಟ್ಟಿ ತರಾಕ ಹೋಗಿದ್ರಿ!”

ಅಲ್ಲಿಯೇ ಸುಣ್ಣದ ಡಬ್ಬಿಯ ಮೇಲೆ ಕೂತುಬಿಟ್ಟೆ. ಪದವೊಂದು ಊರು ದಾಟುವಾಗ ಅಂಗಿ ಬದಲಿಸಿಕೊಂಡಿತ್ತು. ಯಾರಿಗಾಗಿ ಯೋಜನೆ ಬಂದಿತ್ತೋ ಅವರನ್ನೇ ಬಾಗಿಲಲ್ಲಿ ಗುರುತಿಸಿ ಬಿಟ್ಟುಬರಲು ನಾವು ನಮ್ಮ ಜನಕ್ಕೆ ಶಿಸ್ತಾಗಿ ತರಬೇತಿ ಕೊಟ್ಟಿದ್ದೆವು. ಅವರು ಅದನ್ನು ಅಷ್ಟೇ ಶಿಸ್ತಾಗಿ ಪಾಲಿಸಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ.

ನಿರ್ದೇಶಕರು ಪೂರ್ತಿ ಕೇಳಿದರು. ಬೆಂಗಳೂರಿಗೆ ಫೋನು ಹಚ್ಚಿದರು. ಸಲಹೆಗಾರರು ಆ ಕಡೆಯಿಂದ ಶಬ್ದಕೋಶ ಓದಿದರು. ಮಾಳಿಗೆ ಎಂದರೆ ಮಹಡಿ, ಉಪ್ಪರಿಗೆ. ತಪ್ಪೇನಿದೆ? ಫೋನು ನನ್ನ ಕೈಗೆ ಬಂದಾಗ, “ಸರ್, ಇಲ್ಲಿ ಅದರ ಕೆಳಗ ಜನ ಬಾಳೇವು ಮಾಡಾಕತ್ತಾರ. ನಿಮ್ಮ ಶಬ್ದಕೋಶ ಸೋರೂದಿಲ್ಲ,” ಎಂದೆ. ಅವರು ಫೋನಿಟ್ಟರು.

“ಸಿಟ್ಟು ಮಾಡ್ಕೋಬೇಡಿ ಮೇಡಂ,” ಎಂದರು ನಿರ್ದೇಶಕರು. “ಒಪ್ಪಂದದಲ್ಲೂ ಅದೇ ಪದ ಹೋಗಿಬಿಟ್ಟಿದೆ. ಬದಲಾಯಿಸಬೇಕಂದ್ರೆ ಹಣ ಕೊಟ್ಟವರೇ ಒಪ್ಪಬೇಕು. ಅವರೇ ಬರ್ತಾ ಇದಾರೆ, ಬಿಳಿ ಮನೆಗಳನ್ನ ನೋಡೋಕೆ. ಈಗ ಹೋಗಿ ನಾವು ತಪ್ಪು ಮನೆಗಳಿಗೆ ಬಳಿದಿದೀವಿ ಅನ್ನೋಕಾಗುತ್ತಾ?”

ಅವರನ್ನು ಬೆನ್ನು ಬಿಡದೆ ಕಾಡಿದೆ. ಎರಡು ದಿನ ಕಚೇರಿಯಲ್ಲಿ ಅವರು ಕೂತರೆ ಕೂತೆ, ನಿಂತರೆ ನಿಂತೆ. ಕೊನೆಗೆ ಒಂದು ದಾರಿ ಬಿಟ್ಟುಕೊಟ್ಟರು. ನಾನು ಮೊದಲು ಬರೆದಿದ್ದ ಮಾಳಿಗೆಯ ಪಾಠವನ್ನು ‘ಹೆಚ್ಚುವರಿ ತರಬೇತಿ’ ಎಂದು ನಡೆಸಬಹುದು. ಗೌಂಡಿಯನ್ನೂ ಕರೆಸಬಹುದು. ಆದರೆ ಕಮಲಾಪುರದಲ್ಲಲ್ಲ, ಶರಣಸಿರಸಗಿಯಲ್ಲಿ. ನಗರದ ಅಂಚಿನಲ್ಲೇ ಇದೆ, ಹಣ ಕೊಟ್ಟ ಅತಿಥಿಗಳಿಗೆ ಜೀಪಿನಲ್ಲಿ ಹೋಗಿ ನೋಡಲು ಸಲೀಸು. ಅಲ್ಲಿ ಅವರ ಪರಿಚಯದ ಗೌಡರೊಬ್ಬರ ಮನೆಯ ಮಾಳಿಗೆ ಕೊಡಿಸುತ್ತಾರಂತೆ.

ಇದನ್ನು ಹೇಳಿದಾಗ ಕಮಲಾಪುರದ ಕಾರ್ಯಕರ್ತೆ ಸಿಡಿದಳು. “ಗೌಡರ ಮಾಳಗಿಗೆ ಏನಾಗೇದ್ರಿ? ಕಲ್ಲಿನಂಗ ಅದ. ನಡೀರಿ, ಸೀದಾ ಹೊಲಿಗೆಯಾಕಿ ಮನಿಗೇ ಹೋಗೋಣು. ಅಲ್ಲೇ ಮಾಡ್ಕೋತ ಕಲೀತೀವಿ. ಯಾರು ಬ್ಯಾಡ ಅಂತಾರ ನೋಡೇಬಿಡೋಣು.”

ನಾನೂ ಆಕೆಯ ಜೊತೆ ಹಾಗೇ ನಡೆದುಬಿಡಬೇಕೆಂದು ಒಳಗೊಳಗೇ ಕುದಿಯುತ್ತಿದ್ದೆ. ಆದರೆ ಆ ಮನೆಯ ಜಂತಿಗಳ ಸದ್ದು ಕಿವಿಯಲ್ಲೇ ಇತ್ತು. ಸಲಿಕೆ ಹಿಡಿದು ಗೊತ್ತಿಲ್ಲದವರನ್ನು ಕೊಳೆತ ಜಂತಿಗಳ ಮೇಲೆ ಹತ್ತಿಸಿದರೆ ಮಾಳಿಗೆಯ ಜೊತೆ ಅವರೂ ಕೆಳಗೆ ಬರುತ್ತಾರೆ. ಕಲಿಯುವುದು ಗಟ್ಟಿ ಮಾಳಿಗೆಯ ಮೇಲೆ, ಆಮೇಲೆ ಸೋತ ಮಾಳಿಗೆಗೆ ಕೈ ಹಾಕುವುದು. ಇದನ್ನು ನಾನೇ ಯೋಜನೆಯಲ್ಲಿ ಬರೆದಿದ್ದೆ, ಈಗಲೂ ಹಾಗೆಯೇ ಬರೆಯುತ್ತೇನೆ. ಗೌಂಡಿಯೂ ಅದನ್ನೇ ಹೇಳಿದ. ಶರಣಸಿರಸಗಿಗೆ ಒಪ್ಪಿಕೊಂಡೆ. ಅದು ಮುಗಿದ ಮರುದಿನ ನಿಯಮ ಏನೇ ಇರಲಿ, ಎಲ್ಲರೂ ಜೀಪು, ಸವಳು ಮಣ್ಣು ಸಮೇತ ಹೊಲಿಗೆಯಾಕೆಯ ಮನೆಗೆ ಹೋಗುವುದು ಎಂದು ನಾನೂ ಕಾರ್ಯಕರ್ತೆಯೂ ಕೈಮೇಲೆ ಕೈಯಿಟ್ಟು ಮಾತಾಡಿಕೊಂಡೆವು. ಕೆಲಸ ಹೋದರೂ ಹೋಗಲಿ ಎಂದು ನಿರ್ಧಾರ ಮಾಡಿದ್ದೆ.

ಶರಣಸಿರಸಗಿಯ ಆ ತರಬೇತಿಯಂಥದ್ದನ್ನು ನಾನು ಮತ್ತೆ ನಡೆಸಲಿಲ್ಲ. ಗೌಂಡಿ ಎಲ್ಲರನ್ನೂ ಒಳಗೆ ಅಂಗಾತ ಮಲಗಿಸಿದ. ಗೌಡರ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕರು. ಸಳಿಯಿಂದ ಬಡಿಯುವುದು, ಕಿವಿ ಕೊಡುವುದು. “ಸುನೋ, ಕಟ್ಟಿಗಿ ಮಾತಾಡ್ತದ, ನೀವು ಬಾಯಿ ಮುಚ್ರಿ,” ಎಂದು ಗದರಿಸುತ್ತಿದ್ದ. ಗೋಡೆ ಮತ್ತು ಜಂತಿ ಸೇರುವ ಕಡೆಯಿಂದ ಸಣ್ಣಗೆ ಮಣ್ಣು ಉದುರತೊಡಗಿದರೆ ಯಾವ ರಿಪೇರಿಯನ್ನೂ ಯೋಚಿಸದೆ ಮೊದಲು ಮನೆಯವರನ್ನು ಹೊರಗೆ ಕರೆದುಕೊಂಡು ಬರಬೇಕು ಎಂದು ಹೇಳಿಕೊಟ್ಟ. ಅದನ್ನು ಎಲ್ಲರ ಬಾಯಿಂದಲೂ ಹೇಳಿಸಿದ. ಮೇಲೆ ಹತ್ತಿ ಎರಡು ತೊಲೆಗಳ ನಡುವಿನ ಒಂದು ಅಂಕಣದಷ್ಟು ಹಳೆಯ ಮಣ್ಣನ್ನು ಎರಡೂ ಬದಿಯಿಂದ ತೆಗೆದರು. ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಮಣ್ಣು, ಸವಳು. ಇಳಿಜಾರು ಹಿಡಿಯುವಲ್ಲಿ ಗೌಂಡಿಯೇ ಮಾತಾಡುತ್ತ ಮಾತಾಡುತ್ತ ತಪ್ಪಿದ. ಕೊಡದ ನೀರು ದೋಣಿಯ ಕಡೆ ಹೋಗದೆ ಅವನ ಕಾಲ ಬುಡದಲ್ಲೇ ನಿಂತಿತು.

“ಚಾಚಾ, ನಿಮ್ಮ ನೀರಿಗೂ ದಾರಿ ತೋರಿಸಬೇಕೇನು?” ಎಂದು ಕಮಲಾಪುರದವಳು ಕೂಗಿದಳು. ಮಾಳಿಗೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆ ದಿಮ್ಮಸು ಕಸಿದುಕೊಂಡು ಮತ್ತೆ ಬಡಿದು ಸರಿ ಮಾಡಿದಳು. ಎರಡನೆಯ ಕೊಡದ ನೀರು ಒಂದು ಹನಿಯೂ ನಿಲ್ಲದೆ ದೋಣಿಯಿಂದ ಅಂಗಳಕ್ಕೆ ಬಿತ್ತು. ಅತಿಥಿಗಳು ಬಂದರು, ಫೋಟೋ ತೆಗೆದರು, ದಿಮ್ಮಸನ್ನು ಮುಟ್ಟಿ ನೋಡಿದರು. ನಿರ್ದೇಶಕರು ಅವರಿಗೆ ನನ್ನನ್ನು ‘ಈ ಪಾಠ ನಮ್ಮ ಸಂಸ್ಥೆಯ ಹೆಮ್ಮೆ’ ಎನ್ನುತ್ತ ಪರಿಚಯಿಸಿದರು.

ಮರುದಿನ ಬೆಳಗ್ಗೆ ಎಲ್ಲರೂ ಕಚೇರಿಯ ಮುಂದೆ ಸಲಿಕೆ, ಬುಟ್ಟಿ, ಊರುಗಂಬಗಳೊಂದಿಗೆ ಸೇರಿದೆವು. ಸವಳು ಮಣ್ಣಿನ ಚೀಲಗಳು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಜೀಪು ಇರಲಿಲ್ಲ. ಅತಿಥಿಗಳು ದರ್ಗಾ ನೋಡಬೇಕೆಂದರಂತೆ, ನಿರ್ದೇಶಕರೇ ರೋಜಾಕ್ಕೆ ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನದೊಳಗೆ ಬರುತ್ತದೆ ಎಂದರು ಕಚೇರಿಯವರು. ಅದು ಅಲ್ಲಿಂದ ಕೋಟೆಗೆ, ಕೋಟೆಯಿಂದ ಊಟಕ್ಕೆ ಹೋಯಿತು. ಬಾಡಿಗೆ ಗಾಡಿ ಹುಡುಕಿದೆ, ಮಣ್ಣು ತುಂಬುತ್ತೀವಿ ಎಂದ ಕೂಡಲೇ ಎಲ್ಲರೂ ತಲೆ ಅಲ್ಲಾಡಿಸಿದರು. ಪಡುವಲ ಆಕಾಶ ಕಪ್ಪಿಟ್ಟಿತು. ಕಮಲಾಪುರದವಳು ಅದನ್ನೊಮ್ಮೆ ನೋಡಿ, ಒಂದು ಊರುಗಂಬವನ್ನು ಹೆಗಲಿಗೇರಿಸಿ, “ನೀವು ಜೀಪಿನ ದಾರಿ ಕಾಯ್ರಿ, ನಾ ಬಸ್ಸಿಗೆ ಹೋಗ್ತೀನಿ,” ಎಂದಳು. ಕಂಡಕ್ಟರನ ಜೊತೆ ಜಗಳವಾಡಿ ಕಂಬವನ್ನು ಬಸ್ಸಿನ ಮೇಲೇರಿಸಿಕೊಂಡು ಹೋದಳೆಂದು ಆಮೇಲೆ ತಿಳಿಯಿತು.

ಸಂಜೆಯ ಹೊತ್ತಿಗೆ ಬಿತ್ತು ಮಳೆ. ಮಿರಗ ಇನ್ನೂ ಹುಟ್ಟಿರಲಿಲ್ಲ, ಇದು ಕೇಳದೇ ಬಂದ ಮಳೆ. ಕಟ್ಟೆಯ ಮೇಲಿನ ಚೀಲಗಳಿಗೆ ತಾಡಪತ್ರಿ ಹೊಚ್ಚುತ್ತ ನಾನು ನಿಂತಲ್ಲೇ ಅತ್ತುಬಿಟ್ಟೆ. ಆಗ ಜೀಪು ಬಂತು. ಅತಿಥಿಗಳ ಕೈಯಲ್ಲಿ ದರ್ಗಾದ ಮುಂದಿನ ಅಂಗಡಿಗಳ ಪೊಟ್ಟಣಗಳಿದ್ದವು.

ಬೆಳಗಾಗುತ್ತಲೇ ಕಮಲಾಪುರಕ್ಕೆ ಹೋದೆವು. ನಿರ್ದೇಶಕರೂ ಬಂದರು. ಹೊಲಿಗೆಯಾಕೆಯ ಮನೆಯ ಬಾಗಿಲು ಮಾತ್ರ ನೆಟ್ಟಗೆ ನಿಂತಿತ್ತು. ಒಳಗೆ ಮಾಳಿಗೆ ಪೂರ್ತಿ ಕುಸಿದು ಮೊಣಕಾಲೆತ್ತರಕ್ಕೆ ಕೆಸರು. ಅದರೊಳಗಿಂದ ಹೊಲಿಗೆ ಯಂತ್ರದ ಗಾಲಿಯ ಒಂದು ಅಂಚು ಕಾಣುತ್ತಿತ್ತು. ಕಾರ್ಯಕರ್ತೆ ತಂದ ಕಂಬ ಎರಡು ತುಂಡಾಗಿ ಬಿದ್ದಿತ್ತು.

ಮೂವರೂ ಜೀವಂತವಾಗಿದ್ದರು. ಮಳೆ ಜೋರಾದಾಗ ಕಂಬ ಕೊಟ್ಟು ನೋಡಿದ ಕಾರ್ಯಕರ್ತೆ, ಗೋಡೆಯ ಸಂದಿಯಿಂದ ಮಣ್ಣು ಉದುರುವುದನ್ನು ಕಂಡದ್ದೇ ತಡ, ಅತ್ತೆಯನ್ನು ಅನಾಮತ್ತು ಎತ್ತಿಕೊಂಡು, ಮಗಳ ರಟ್ಟೆ ಹಿಡಿದು ಹೊರಗೆ ಎಳೆತಂದಿದ್ದಳು. ಹೊಲಿಗೆಯಾಕೆ ಮಾತ್ರ ಮಶೀನು ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದಿದ್ದಳು. ಅವಳನ್ನು ಜುಟ್ಟು ಹಿಡಿದೇ ಎಳೆದಳಂತೆ. ಅವರು ಅಂಗಳ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ತರಬೇತಿಯಿಂದ ಯಾರಿಗಾದರೂ ಏನಾದರೂ ಸಿಕ್ಕಿದ್ದರೆ ಅದು ಇಷ್ಟು. ಕಡಿಮೆಯದೇನಲ್ಲ ಎಂದು ಹಲವರು ಹೇಳಿದ್ದಾರೆ, ನಾನೂ ಹೇಳಿಕೊಂಡಿದ್ದೇನೆ.

ಹೊಲಿಗೆಯಾಕೆ ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹತ್ತಿರ ಹೋದೆ.

“ಗೌಡರ ಮಾಳಗಿ ಮ್ಯಾಲ ಕಲ್ತ್ರಂತಲ್ರೀ. ಛಲೋ ಆತೇನು ಅದು?” ಎಂದಳು. ವ್ಯಂಗ್ಯವಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು.

“ಆಯಿತು,” ಎಂದೆ.

“ಸೋರೂದಿಲ್ಲಂತೇನು?”

“ಇಲ್ಲ.”

ತಲೆಯಾಡಿಸಿದಳು. ಅಷ್ಟರಲ್ಲಿ ನಿರ್ದೇಶಕರು ಕೆಸರು ದಾಟಿಕೊಂಡು ಬಂದರು. ಅವರ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಹೇಳಬಾರದು. ಏನಾದರೂ ಮಾಡಲೇಬೇಕು ಮೇಡಂ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದರು. ಬಿದ್ದ ಮನೆಯನ್ನು ಇನ್ನೊಮ್ಮೆ ನೋಡಿದರು. ಥಟ್ಟನೆ ಏನೋ ಹೊಳೆದವರಂತೆ ನನ್ನನ್ನು ಪಕ್ಕಕ್ಕೆ ಕರೆದರು.

“ಈಗ ಇವರಿಗೆ ಮಾಳಿಗೆ ಇಲ್ಲ ಅಲ್ವಾ?”

ನನಗೆ ಮೊದಲು ಅರ್ಥವಾಗಲಿಲ್ಲ.

“ನಿಯಮದ ಪ್ರಕಾರಾನೇ ಈಗ ಇವರು ಯೋಜನೆಗೆ ಬರ್ತಾರೆ. ಯಾರನ್ನೂ ಕೇಳಬೇಕಾಗಿಲ್ಲ. ಇವತ್ತೇ ಕೊಡಬಹುದು,” ಎಂದರು. ನಿಜವಾದ ಸಮಾಧಾನದಿಂದ ಹೇಳಿದರು. ಆಮೇಲೆ ಆಕೆಯ ಕಡೆ ತಿರುಗಿ, ಒಪ್ಪಂದಕ್ಕೆ ಬೇಕೆಂದು ಮೆಲ್ಲಗೆ ಕೇಳಿಯೂ ಬಿಟ್ಟರು. “ಮಾಳಿಗೆ ಇದೆಯೇನಮ್ಮಾ?”

ಆಕೆ ನಮ್ಮಿಬ್ಬರನ್ನೂ ನೋಡಿದಳು. ಕತ್ತೆತ್ತಿ ಮನೆಯ ಮೇಲಿದ್ದ ಬರೀ ಆಕಾಶವನ್ನು ನೋಡಿದಳು.

“ಇಲ್ರೀ,” ಎಂದಳು.

ಮಾಳಿಗೆ ಇಲ್ಲದವರಿಗೆ ಕೊಡಲು ನಮ್ಮ ಜೀಪಿನಲ್ಲಿ ಇದ್ದದ್ದು ಒಂದೇ. ಚಾಲಕ ಸುಣ್ಣದ ಡಬ್ಬಿಯನ್ನೂ ಹೊಸ ಬ್ರಷ್ಷನ್ನೂ ತಂದು ಆಕೆಯ ಪಾದದ ಹತ್ತಿರ ಇಟ್ಟ. ಆಕೆ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಇಣುಕಿದಳು, ಮತ್ತೆ ಮುಚ್ಚಿದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು.

“ಎದಕ್ಕ ಹಚ್ಚಲಿ ಅಕ್ಕೋರೆ?”